ಹುದ್ದೆ ಕೊಟ್ಟರೆ ಸಾಲದು, ಫೋನ್ ಮಾಡುವುದನ್ನೂ ಕಲಿಸಬೇಕು

ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯ ಭಾಷಣ ಕ್ಲಬ್ಬಿನ, ಅಂದರೆ ವೇದಿಕೆ ಮೇಲೆ ಮಾತಾಡುವುದನ್ನು ಕಲಿಯುವ ಕ್ಲಬ್ಬಿನ, ಹೊಸ ಪದಾಧಿಕಾರಿಗಳ ತರಬೇತಿ ಅಂದರೆ ಸಾಮಾನ್ಯವಾಗಿ ಒಂದು ಪ್ರೊಜೆಕ್ಟರ್, ಏಳು ಹುದ್ದೆ, ಒಂದೊಂದಕ್ಕೂ ಹತ್ತು ಸಾಲು. ಎಲ್ಲರೂ ತಲೆ ಆಡಿಸುತ್ತಾರೆ. ನಾಳೆ ಬೆಳಗ್ಗೆ ಎದ್ದು ಏನು ಮಾಡಬೇಕು ಅನ್ನೋದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಚಿಕ್ಕಮಗಳೂರು, ಹಾಸನದ ಕಡೆ ತರಬೇತಿ ಕೊಡುವಾಗ ನಾನು ಕೆಲಸ ವಿವರಿಸುವುದಿಲ್ಲ. ಅಲ್ಲೇ ಕೂರಿಸಿ ಮಾಡಿಸುತ್ತೇನೆ.

1924ರಲ್ಲಿ ಅಮೆರಿಕದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಟೋಸ್ಟ್‌ಮಾಸ್ಟರ್ಸ್ ಶುರು ಮಾಡಿದ ದಿನದಿಂದಲೂ ಅದರ ಜೀವಾಳ ಒಂದೇ: ಸದಸ್ಯರೇ ಸದಸ್ಯರಿಗೆ ಕಲಿಸಬೇಕು. ಕ್ಲಬ್ಬಿನಲ್ಲಿ ಸಂಬಳದ ಮೇಷ್ಟ್ರು ಇಲ್ಲ. ಹಾಗಾಗಿ ಪದಾಧಿಕಾರಿ ಎಡವಿದರೆ ಸಭೆಯೇ ಎಡವುತ್ತದೆ.

ಏಳರಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಶಿಕ್ಷಣದ ಉಪಾಧ್ಯಕ್ಷರಿಗೆ. ಕ್ಲಬ್ಬಿನವರ ಬಾಯಲ್ಲಿ ಇವರು ವಿಪಿಇ. ಯಾರು ಮಾತಾಡಬೇಕು, ಯಾರು ವಿಮರ್ಶೆ ಮಾಡಬೇಕು, ಯಾರು ಸಮಯ ನೋಡುವ ಟೈಮರ್, ಎಲ್ಲ ಇವರೇ ಹೊಂದಿಸಬೇಕು. ಹೊಸಬರು ವಾಟ್ಸಾಪ್ ಗುಂಪಿನಲ್ಲಿ ‘ಈ ವಾರ ಯಾರಾದ್ರೂ ಮಾತಾಡ್ತೀರಾ?’ ಅಂತ ಹಾಕಿ ಕಾಯುತ್ತಾರೆ. ಎಲ್ಲರೂ ಓದುತ್ತಾರೆ, ಉತ್ತರ ಬರುವುದಿಲ್ಲ. ಎಲ್ಲರನ್ನೂ ಕೇಳಿದರೆ ಯಾರನ್ನೂ ಕೇಳಿದಂತಾಗುವುದಿಲ್ಲ, ಅಲ್ವಾ? ಅದಕ್ಕೆ ತರಬೇತಿಯಲ್ಲೇ ಮುಂದಿನ ಸಭೆಯ ಪಟ್ಟಿ ಮುಂದಿಟ್ಟು ನಿಜವಾದ ಫೋನ್ ಮಾಡಿಸುತ್ತೇನೆ.

‘ಸರ್, ಮುಂದಿನ ಶನಿವಾರ ನಿಮ್ಮ ಭಾಷಣ ಹಾಕಲಾ? ಐದರಿಂದ ಏಳು ನಿಮಿಷ.’

‘ಈ ವಾರ ಆಗಲ್ಲಮ್ಮ, ತಯಾರಿಲ್ಲ.’

‘ಪರವಾಗಿಲ್ಲ ಸರ್. ಹಾಗಾದ್ರೆ ಟೈಮರ್ ಆಗಿ. ಐದು ನಿಮಿಷಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ತೋರಿಸಿದರೆ ಆಯ್ತು. ಭಾಷಣ ಅದರ ಮುಂದಿನ ಸಭೆಗೆ ಇಟ್ಕೊಳ್ಲಾ?’

ಹೆಸರು, ದಿನ, ಕೆಲಸ ಮೂರೂ ಆ ಪ್ರಶ್ನೆಯಲ್ಲಿ ಇರಬೇಕು. ‘ಇಲ್ಲ’ ಅಂದವರಿಗೆ ಸಣ್ಣ ಕೆಲಸ ಕೈಲಿಟ್ಟುಕೊಂಡಿರಬೇಕು. ಎರಡು ಫೋನ್ ಆಗುವಷ್ಟರಲ್ಲಿ ಅಂಜಿಕೆ ಅರ್ಧ ಹೋಗಿರುತ್ತದೆ. ವೇದಿಕೆ ಮೇಲೆ ಚೆನ್ನಾಗಿ ಮಾತಾಡುವವರೂ ಒಬ್ಬರನ್ನು ನೇರವಾಗಿ ಕೇಳಲು ಹಿಂಜರಿಯುತ್ತಾರೆ. ಇದಕ್ಕೂ ಅಭ್ಯಾಸ ಬೇಕು.

ಅಧ್ಯಕ್ಷರಿಗೆ ನಾನು ಕಲಿಸುವುದು ಬೇರೆ: ಅವರವರ ಕೆಲಸ ಅವರವರಿಗೇ ಬಿಡುವುದು. ಕುರ್ಚಿ ಹಾಕುವುದು, ಅತಿಥಿಯನ್ನು ಬಾಗಿಲಲ್ಲಿ ಬರಮಾಡಿಕೊಳ್ಳುವುದು ಸಾರ್ಜೆಂಟ್ ಅಟ್ ಆರ್ಮ್ಸ್ ಅನ್ನುವ ಪದಾಧಿಕಾರಿಯ ಕೆಲಸ. ಬಂದ ಅತಿಥಿಗೆ ಮಾರನೇ ದಿನ ಫೋನ್ ಮಾಡುವುದು ಸದಸ್ಯತ್ವದ ಉಪಾಧ್ಯಕ್ಷರ ಕೆಲಸ. ಬೇರೆಯವರು ತಡ ಮಾಡಿದರು ಅಂತ ಅಧ್ಯಕ್ಷರೇ ಎಲ್ಲ ಮಾಡಿಬಿಟ್ಟರೆ ಉಳಿದ ಆರು ಜನ ಸುಮ್ನೆ ಕೂರುತ್ತಾರೆ. ಮುಂದಿನ ವರ್ಷಕ್ಕೆ ಯಾರೂ ಸಿಗುವುದಿಲ್ಲ. ಸಣ್ಣ ಊರಿನ ಕ್ಲಬ್ಬುಗಳು ಸೊರಗುವುದಕ್ಕೆ ಇದೇ ದೊಡ್ಡ ಕಾರಣ ಅಂತ ನನಗೆ ಅನ್ನಿಸುತ್ತದೆ.

ಖಜಾಂಚಿಗೆ ಎರಡು ತಾರೀಕು ನೆನಪಿದ್ದರೆ ಸಾಕು: ಅಕ್ಟೋಬರ್ 1, ಏಪ್ರಿಲ್ 1. ಸದಸ್ಯತ್ವ ನವೀಕರಣದ ದಿನಗಳು ಅವು. ಹಣ ಕೇಳುವುದು ಅದಕ್ಕೂ ಒಂದು ತಿಂಗಳು ಮುಂಚೆ.

ನಮ್ಮ ಕಡೆ ನಿಜವಾದ ತೊಡಕು ಕ್ಯಾಲೆಂಡರಿನದು. ಸಂಸ್ಥೆ ಗೊತ್ತುಮಾಡಿರುವ ತರಬೇತಿಯ ಮೊದಲ ಅವಧಿ ಜೂನ್‌ನಿಂದ ಆಗಸ್ಟ್, ಎರಡನೆಯದು ನವೆಂಬರ್‌ನಿಂದ ಫೆಬ್ರುವರಿ. ಎರಡೂ ಅವಧಿಯಲ್ಲಿ ಏಳರಲ್ಲಿ ಕನಿಷ್ಠ ನಾಲ್ವರಾದರೂ ತರಬೇತಿ ಪಡೆದರೆ ಮಾತ್ರ ಕ್ಲಬ್ಬಿನ ವರ್ಷದ ಸಾಧನೆಯ ಲೆಕ್ಕಕ್ಕೆ ತರಬೇತಿಯ ಅಂಕ ಸೇರುತ್ತದೆ. ಮೊದಲನೆಯದು ಮಲೆನಾಡಿನ ಮಳೆಗಾಲ. ಎರಡನೆಯದು ಕಾಫಿ ಕೊಯ್ಲಿನ ಕಾಲ, ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ತೋಟದವರನ್ನು ಜನವರಿಯ ಭಾನುವಾರ ಇಡೀ ದಿನ ಹಾಸನಕ್ಕೆ ಕರೆದರೆ ಬರುವುದು ಹೇಗೆ? ಕಣದಲ್ಲಿ ಹಣ್ಣು ಇರುತ್ತದೆ, ಆಳುಗಳ ಲೆಕ್ಕ ಇರುತ್ತದೆ. ಅದಕ್ಕೆ ಎರಡನೆಯದನ್ನು ನವೆಂಬರ್ ಮೊದಲ ವಾರದಲ್ಲೇ, ಕೊಯ್ಲು ಜೋರಾಗುವ ಮುಂಚೆ ಮುಗಿಸಿ ಅನ್ನುತ್ತೇನೆ. ಮಳೆಗಾಲದ್ದನ್ನು ಜೂನ್ ಮೊದಲ ಭಾನುವಾರವೇ ಇಟ್ಟುಕೊಳ್ಳಿ. ಜುಲೈನಲ್ಲಿ ಮೂಡಿಗೆರೆ ಕಡೆ ಕರೆಂಟು ಹೋದರೆ ಆನ್‌ಲೈನ್ ತರಬೇತಿಯೂ ಕೈಕೊಡುತ್ತದೆ.

ಜೂನ್‌ನಲ್ಲೇ ಮಾಡಿದರೆ ಇನ್ನೊಂದು ಲಾಭ ಇದೆ. ಹೊಸಬರು ಅಧಿಕಾರ ವಹಿಸಿಕೊಳ್ಳುವುದು ಜುಲೈ 1ಕ್ಕೆ. ಹಳಬರು ಇನ್ನೂ ಹುದ್ದೆಯಲ್ಲಿರುತ್ತಾರೆ. ಅವರನ್ನೂ ಅದೇ ಕೋಣೆಗೆ ಕರೆಯಿರಿ. ಕೊನೆಯ ಒಂದು ಗಂಟೆ ಜೋಡಿ ಜೋಡಿಯಾಗಿ ಕೂರಿಸಿ. ಚೆಕ್ ಪುಸ್ತಕ, ಸದಸ್ಯರ ಪಟ್ಟಿ, ಹಾಲ್ ಬೀಗದ ಕೈ, ಪಾಸ್‌ವರ್ಡ್ ಎಲ್ಲ ಅಲ್ಲೇ ಕೈ ಬದಲಾಗಲಿ. ಯಾರಿಗೆ ಫೋನ್ ಮಾಡಿದರೆ ಸಭೆಗೆ ಬರುತ್ತಾರೆ, ಯಾರ ಮನೆಗೇ ಹೋಗಿ ಕರೆಯಬೇಕು ಅನ್ನೋದನ್ನೂ ಹಳಬರೇ ಹೇಳಿಕೊಡಲಿ.