ಎಐ ಬಳಕೆ ಮತ್ತು ಮಾನವ ಮೇಲ್ವಿಚಾರಣೆ: ನೆದರ್‌ಲೆಂಡ್ಸ್ ಪ್ರಕರಣದ ಟಿಪ್ಪಣಿ

ಸಂಸ್ಥೆಗಳಲ್ಲಿ ಕೃತಕ ಬುದ್ಧಿಮತ್ತೆಯ (ಎಐ) ನೈತಿಕ ಬಳಕೆಯ ಬಗ್ಗೆ ಯಾವ ಪಠ್ಯ ತೆರೆದರೂ ‘ಕೊನೆಯ ತೀರ್ಮಾನ ಮನುಷ್ಯನದೇ ಆಗಿರಬೇಕು’ ಎಂಬ ಸೂತ್ರ ಸಿಗುತ್ತದೆ. ಪರೀಕ್ಷೆಯ ಉತ್ತರದಲ್ಲಿ ಅದನ್ನಷ್ಟೇ ಬರೆದು ಮುಂದೆ ಹೋಗಬೇಡಿ. ನಡುವೆ ಮನುಷ್ಯರಿದ್ದೂ ಅನಾಹುತವಾದ ಪ್ರಕರಣವೊಂದಿದೆ: ನೆದರ್‌ಲೆಂಡ್ಸ್‌ನ ಶಿಶುಪಾಲನಾ ಭತ್ಯೆ ಹಗರಣ.

ಅಲ್ಲಿನ ತೆರಿಗೆ ಇಲಾಖೆ 2013ರಿಂದ, ಭತ್ಯೆಯ ಅರ್ಜಿಗಳಿಗೆ ಅಪಾಯದ (ತಪ್ಪು ಅಥವಾ ವಂಚನೆಯ ಸಾಧ್ಯತೆಯ) ಅಂಕ ಕೊಡುವ ಅಲ್ಗಾರಿದಮ್, ಅಂದರೆ ಕಂಪ್ಯೂಟರ್ ಲೆಕ್ಕಾಚಾರದ ವ್ಯವಸ್ಥೆ, ಬಳಸುತ್ತಿತ್ತು. ಹಳೆಯ ಅರ್ಜಿಗಳಿಂದ ಕಲಿಯುತ್ತಿದ್ದ ಆ ವ್ಯವಸ್ಥೆ, ಅರ್ಜಿದಾರರು ಡಚ್ ಪ್ರಜೆಗಳೇ ಅಲ್ಲವೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. ಅಂಕ ಹೆಚ್ಚಾದ ಅರ್ಜಿ ಪರಿಶೀಲನೆಗಾಗಿ ಅಧಿಕಾರಿಯೊಬ್ಬರ ಮೇಜಿಗೆ ಹೋಗುತ್ತಿತ್ತು. ಆದರೆ ಅಂಕ ಏಕೆ ಏರಿತು ಎಂಬ ವಿವರ ಅವರಿಗೆ ಸಿಗುತ್ತಿರಲಿಲ್ಲ. ಕಾರಣವೇ ತಿಳಿಯದವರು ಯಂತ್ರದ ತಪ್ಪನ್ನು ಹಿಡಿಯುವುದಾದರೂ ಹೇಗೆ? ಕಡತದ ಮೇಲೆ ಮೊದಲೇ ಅನುಮಾನದ ನೆರಳು ಬಿದ್ದಿರುತ್ತಿತ್ತು.

ಇದಕ್ಕೆ ನಿಯಮಗಳ ಕಟ್ಟುನಿಟ್ಟೂ ಕೂಡಿಕೊಂಡಿತು. ಒಂದು ಸಹಿ ಬಿಟ್ಟುಹೋದಂಥ ಸಣ್ಣ ಲೋಪಕ್ಕೂ ಇಡೀ ಭತ್ಯೆಯನ್ನು ಹಿಂತಿರುಗಿಸುವಂತೆ ನೋಟಿಸ್ ಬರುತ್ತಿತ್ತು. ಸಾವಿರಾರು ಕುಟುಂಬಗಳು ಸಾಲದಲ್ಲಿ ಮುಳುಗಿದವು. 2021ರ ಜನವರಿ 15ರಂದು ಆಗಿನ ಪ್ರಧಾನಿ ಮಾರ್ಕ್ ರುಟ್ಟೆ ಅವರ ಸಂಪುಟ ರಾಜೀನಾಮೆ ಕೊಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿನ ದತ್ತಾಂಶ ರಕ್ಷಣಾ ಪ್ರಾಧಿಕಾರ ತೆರಿಗೆ ಇಲಾಖೆಗೆ 27.5 ಲಕ್ಷ ಯೂರೊ ದಂಡ ವಿಧಿಸಿತು. ಮನೆ, ನೆಮ್ಮದಿ ಕಳೆದುಕೊಂಡವರ ಮುಂದೆ ಇದು ತೀರಾ ಸಣ್ಣ ಮೊತ್ತ ಎಂದೇ ನನಗೆ ಅನ್ನಿಸುತ್ತದೆ.

2024ರ ಆಗಸ್ಟ್ 1ರಂದು ಜಾರಿಗೆ ಬಂದು, ಹಂತಹಂತವಾಗಿ ಅನ್ವಯವಾಗುತ್ತಿರುವ ಐರೋಪ್ಯ ಒಕ್ಕೂಟದ ಎಐ ಕಾಯ್ದೆಯನ್ನು ಈ ಪ್ರಕರಣದ ಜೊತೆಗಿಟ್ಟು ಓದಿ. ಅಧಿಕ ಅಪಾಯದ (ಜನರ ಹಕ್ಕು, ಸುರಕ್ಷತೆಗೆ ಹೆಚ್ಚು ಧಕ್ಕೆ ತರಬಲ್ಲ) ವ್ಯವಸ್ಥೆಯ ಮೇಲೆ ನಿಗಾ ಇಡುವವರಿಗೆ ಅದರ ಮಿತಿಗಳು ತಿಳಿದಿರಬೇಕು, ಯಂತ್ರದ ಮಾತನ್ನು ಕಣ್ಣುಮುಚ್ಚಿ ನಂಬುವ ಪ್ರವೃತ್ತಿಯ ಅರಿವಿರಬೇಕು, ಅದರ ಫಲಿತಾಂಶವನ್ನು ತಳ್ಳಿಹಾಕಲು ಸಾಧ್ಯವಾಗಬೇಕು ಎನ್ನುತ್ತದೆ 14ನೇ ವಿಧಿ. ಅಂಥವರಿಗೆ ಸಾಮರ್ಥ್ಯ, ತರಬೇತಿ, ಅಧಿಕಾರ ಇರುವಂತೆ ನೋಡಿಕೊಳ್ಳುವುದು ಬಳಸುವ ಸಂಸ್ಥೆಯ ಕೆಲಸ ಎನ್ನುತ್ತದೆ 26ನೇ ವಿಧಿ.

ಬ್ಯಾಂಕ್ ಸಾಲವಿರಲಿ, ನೇಮಕಾತಿಯಿರಲಿ, ಪ್ರಶ್ನೆಪತ್ರಿಕೆಯಲ್ಲಿ ಇಂಥ ಸನ್ನಿವೇಶ ಕೊಟ್ಟಾಗ ‘ಮನುಷ್ಯರಿದ್ದಾರೆಯೇ’ ಎಂದು ನೋಡಿ ನಿಲ್ಲಿಸಬೇಡಿ. ಅವರಿಗೆ ಕಾರಣ ಕಾಣಿಸುತ್ತದೆಯೇ, ಒಂದು ಕಡತಕ್ಕೆ ಎಷ್ಟು ಹೊತ್ತು ಸಿಗುತ್ತದೆ, ಯಂತ್ರಕ್ಕೆ ವಿರುದ್ಧವಾಗಿ ಬರೆದರೆ ಮೇಲಿನವರು ಅವರನ್ನೇ ಪ್ರಶ್ನಿಸುತ್ತಾರೆಯೇ, ತೊಂದರೆಗೊಳಗಾದವರು ಎಲ್ಲಿ ಮೇಲ್ಮನವಿ ಸಲ್ಲಿಸಬೇಕು ಎಂದು ಕೇಳಿ. ಇವುಗಳಲ್ಲಿ ಮೂರನೆಯದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ: ಒಪ್ಪಿದರೆ ಒಂದು ಸಹಿ, ಒಪ್ಪದಿದ್ದರೆ ಎರಡು ಪುಟದ ವಿವರಣೆ ಎಂಬ ಏರ್ಪಾಡಿದ್ದರೆ ಯಾರೇ ಆದರೂ ಸಹಿ ಹಾಕುತ್ತಾರೆ. ಇದನ್ನು ಸಂಸ್ಥೆಯ ಹೊಣೆ ಎಂಬ ಭಾಗದಲ್ಲೇ ಬರೆಯಿರಿ. ಅಧಿಕಾರಿಯ ವೈಯಕ್ತಿಕ ಲೋಪ ಎಂದು ಬರೆಯುವುದು ಅನ್ಯಾಯ.