ಕಂಪ್ಯೂಟರ್: ಮನುಷ್ಯನಿಂದ ಹೊರಟು ಮನುಷ್ಯನಿಗೇ ಅಂಟಿಕೊಂಡ ಪದ

"ತಲೆ ಹ್ಯಾಂಗ್ ಆಗಿದೆ." "ಅದನ್ನ ಮನಸ್ಸಿಂದ ಡಿಲೀಟ್ ಮಾಡ್ಬಿಡು." "ಅವನಿನ್ನೂ ಅಪ್‌ಡೇಟ್ ಆಗಿಲ್ಲ." ಇಂಥ ಮಾತು ನಾವೆಲ್ಲ ಆಡುತ್ತೇವೆ, ಅಲ್ವಾ? ಯಂತ್ರದ ಬಗ್ಗೆ ಅಲ್ಲ, ನಮ್ಮ ಬಗ್ಗೆಯೇ. ಇದು ಹೇಗಾಯಿತು ಅಂತ ತಿಳಿಯಬೇಕಾದರೆ ಕಂಪ್ಯೂಟರ್ ಅನ್ನುವ ಪದದ ಬೆನ್ನು ಹತ್ತಬೇಕು.

ಇಂಗ್ಲಿಷಿನಲ್ಲಿ ಈ ಪದ 17ನೇ ಶತಮಾನದಿಂದಲೂ ಇದೆ. ಆಗ ಅದರ ಅರ್ಥ ಲೆಕ್ಕ ಮಾಡುವ ಮನುಷ್ಯ. ನಮ್ಮ 'ಗಣಕ'ದ ಕಥೆಯೂ ಅದೇ. ಮೊದಲು ಗಣಕ ಅಂದರೆ ಲೆಕ್ಕ ಹಾಕುವವನು, ಗ್ರಹಗತಿ ಗುಣಿಸುವ ಜೋಯಿಸ. ಯಂತ್ರ ಬಂದಾಗ 'ಗಣಕಯಂತ್ರ' ಅಂತ ಬಾಲ ಸೇರಿಸಿದೆವು. ಈಗ ಬಾಲ ಬಿಟ್ಟು ಬರೀ ಗಣಕ ಅಂದರೂ ಯಂತ್ರವೇ ಕಣ್ಣಿಗೆ ಬರುತ್ತದೆ, ಮನುಷ್ಯ ಬರುವುದಿಲ್ಲ.

ಮನುಷ್ಯರೇ ಕಂಪ್ಯೂಟರ್ ಆಗಿದ್ದ ಕಾಲ ತುಂಬ ಹಿಂದಿನದೇನೂ ಅಲ್ಲ. ಗಣಿತಜ್ಞೆ ಕ್ಯಾಥರೀನ್ ಜಾನ್ಸನ್ 1953ರಲ್ಲಿ ಅಮೆರಿಕದ ವಿಮಾನ ಸಂಶೋಧನಾ ಕೇಂದ್ರವೊಂದಕ್ಕೆ ಸೇರಿದ್ದು ಈ ಕೆಲಸಕ್ಕೇ. 1962ರಲ್ಲಿ ಗಗನಯಾತ್ರಿ ಜಾನ್ ಗ್ಲೆನ್ ಭೂಮಿಯ ಸುತ್ತ ಹಾರುವ ಮೊದಲು, ಯಂತ್ರ ಕೊಟ್ಟ ಅಂಕಿಗಳನ್ನು ಆಕೆ ಕೈಯಾರೆ ಲೆಕ್ಕ ಹಾಕಿ ಸರಿ ಅನ್ನಬೇಕು ಅಂತ ಕೇಳಿದರು. ಆಗ ಯಂತ್ರಕ್ಕೆ ಅಳತೆಗೋಲು ಮನುಷ್ಯ. ನನಗೆ ಈ ಘಟನೆ ಬಹಳ ಇಷ್ಟ.

ಯಂತ್ರವನ್ನು ವಿವರಿಸುವುದಕ್ಕೂ ಮನುಷ್ಯನೇ ಬೇಕಾದ. ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ ಡಿಜಿಟಲ್ ಕಂಪ್ಯೂಟರ್ ಅಂದರೆ ಏನು ಅಂತ ಹೇಳುವಾಗ, ಕೊಟ್ಟ ನಿಯಮ ಮೀರದೆ ಕಾಗದದ ಮೇಲೆ ಲೆಕ್ಕ ಮಾಡುವ ಮನುಷ್ಯನನ್ನು ಮುಂದಿಟ್ಟರು. ಇನ್ನೊಬ್ಬ ಗಣಿತಜ್ಞ ಜಾನ್ ವಾನ್ ನಾಯ್ಮನ್ ಕಂಪ್ಯೂಟರ್ ರಚನೆಯ ಬಗ್ಗೆ ಬರೆದ 1945ರ ವರದಿಯಲ್ಲೇ ಯಂತ್ರದ ಭಾಗಗಳನ್ನು ಅಂಗಗಳು ಅಂತ ಕರೆದು, ಅಂಕಿ ಇಟ್ಟುಕೊಳ್ಳುವ ಜಾಗಕ್ಕೆ 'ಮೆಮೊರಿ' ಅಂದಿದ್ದರು. ನಮ್ಮ ನೆನಪಿನ ಹೆಸರು ಯಂತ್ರಕ್ಕೆ ಹೋಯಿತು.

ಆಮೇಲೆ ಆ ಸಾಲ ತಿರುಗಿ ಬಂತು. ಮನಸ್ಸು ಅಂದರೆ ಮಾಹಿತಿ ತೆಗೆದುಕೊಂಡು, ಸಂಸ್ಕರಿಸಿ, ಶೇಖರಿಸುವ ಸಾಧನ ಅಂತ 1950ರ ದಶಕದಿಂದ ಮನಶ್ಶಾಸ್ತ್ರವೇ ಹೇಳತೊಡಗಿತು. ಅದರಿಂದ ಎಷ್ಟೋ ಒಳ್ಳೆಯ ಸಂಶೋಧನೆ ನಡೆಯಿತು, ಅದನ್ನು ಅಲ್ಲಗಳೆಯಲಾರೆ. ಆದರೆ ನೆನಪು ಫೈಲ್ ಅಲ್ಲ. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕೆಲವರಿಗೆ ಕಾರು ಅಪಘಾತದ ಚಲನಚಿತ್ರ ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದರು. ಕೆಲವರಿಗೆ ಕಾರುಗಳು 'ತಾಗಿದಾಗ' ಅಂದರು, ಕೆಲವರಿಗೆ 'ಅಪ್ಪಳಿಸಿದಾಗ' ಅಂದರು. ಎರಡನೆಯವರು ಹೇಳಿದ ವೇಗ ಜಾಸ್ತಿ ಇತ್ತು, ಅಷ್ಟೇ ಅಲ್ಲ, ಒಂದು ವಾರ ಬಿಟ್ಟು ಕೇಳಿದರೆ ಮೊದಲನೆಯವರಿಗಿಂತ ಅವರಲ್ಲೇ ಹೆಚ್ಚು ಜನ ಒಡೆದ ಗಾಜು ನೋಡಿದ್ದೇವೆ ಅಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ನೆನಪನ್ನು ನಾವು ತೆರೆದು ಓದುವುದಿಲ್ಲ, ಪ್ರತಿ ಸಲ ಹೊಸದಾಗಿ ಕಟ್ಟುತ್ತೇವೆ.

ಹಾಗಾಗಿ ಯಂತ್ರದ ಪದ ನಮಗೆ ಅಂಟಿದಾಗ ಅದು ಸುಮ್ನೆ ಮಾತಾಗಿ ಉಳಿಯುವುದಿಲ್ಲ. ಮರೆವು ದೋಷದಂತೆ ಕಾಣುತ್ತದೆ. "ಸಾಕಾಗಿದೆ" ಅಂದವರ ಹತ್ತಿರ ಕೂತು ಏನಾಯ್ತು ಅಂತ ಕೇಳುತ್ತೇವೆ, "ಹ್ಯಾಂಗ್ ಆಗಿದೆ" ಅಂದವರಿಗೆ ರೀಸ್ಟಾರ್ಟ್ ಮಾಡ್ಕೋ ಅಂದು ಎದ್ದು ಹೋಗುತ್ತೇವೆ.

ಸಮಾಜವನ್ನು ನೋಡುವ ಕಣ್ಣೂ ಹೀಗೇ ಬದಲಾಗಿದೆ. ಜನ 'ಯೂಸರ್' ಆದರು, ಅವರ ಬದುಕು 'ಡೇಟಾ' ಆಯಿತು. ಪರದೆಯ ಮೇಲಿನ ಅರ್ಜಿಯಲ್ಲಿ ನಮಗೆ ಹೊಂದುವ ಆಯ್ಕೆ ಇಲ್ಲದಿದ್ದರೆ, ನಿಜ ಅಲ್ಲದಿದ್ದರೂ ಹತ್ತಿರದ ಯಾವುದೋ ಒಂದನ್ನು ಒತ್ತಿ ಮುಂದೆ ಹೋಗುತ್ತೇವೆ. ಅಲ್ಲಿಂದ ಮುಂದೆ ಆ ವ್ಯವಸ್ಥೆಗೆ ನಾವು ಅದೇ. ಆ ಆಯ್ಕೆಗಳನ್ನು ಎಲ್ಲೋ ಕೂತ ಕೆಲವು ಮನುಷ್ಯರು ಬರೆದಿದ್ದಾರೆ ಅನ್ನುವುದು ಒತ್ತುವಾಗ ನೆನಪಿಗೇ ಬರುವುದಿಲ್ಲ.