ತುಕ್ಕು ಬೇರೆ, ಕಿಲುಬು ಬೇರೆ

"ಹಳೇ ಕತ್ತಿಯ ಕಿಲುಬು ಹತ್ತೇ ನಿಮಿಷದಲ್ಲಿ ಮಾಯ!" ಈ ಮಳೆಗಾಲದಲ್ಲಿ ಫೋನಿಂದ ಫೋನಿಗೆ ಓಡಾಡುತ್ತಿರುವ ವಿಡಿಯೋ ಒಂದರ ತಲೆಬರಹ ಇದು. ಅದರ ಬೆನ್ನಿಗೇ ಇನ್ನೊಂದು ಬಂತು: "ತಾಮ್ರದ ಚೊಂಬಿನ ತುಕ್ಕು ತೆಗೆಯುವ ಸುಲಭ ವಿಧಾನ." ಎರಡೂ ತಿರುವುಮುರುವು. ಕತ್ತಿಗೆ ಹಿಡಿಯುವುದು ತುಕ್ಕು, ಚೊಂಬಿಗೆ ಹಿಡಿಯುವುದು ಕಿಲುಬು. ಹಾಸನದ ಹಾರ್ಡ್‌ವೇರ್ ಅಂಗಡಿಗಳಲ್ಲೂ ಈಗ ಗುದ್ದಲಿಗೆ "ಕಿಲುಬು ತೆಗೆಯೋದು ಏನಾದ್ರೂ ಇದ್ಯಾ" ಅಂತ ಕೇಳುವವರಿದ್ದಾರೆ, ಮರುಮಾತಿಲ್ಲದೆ ಕೊಡುವವರೂ ಇದ್ದಾರೆ. ಸಣ್ಣ ವಿಷಯ, ಸುಮ್ನೆ ಬಿಡಬಹುದಿತ್ತು. ಆದರೆ ಇಲ್ಲಿ ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಹಾಳಾಗುವುದು ಅಜ್ಜನ ಕಾಲದ ಉಳಿ.

ಕಬ್ಬಿಣ, ಉಕ್ಕಿಗೆ ತುಕ್ಕು. ತಾಮ್ರ, ಹಿತ್ತಾಳೆ, ಕಂಚಿಗೆ ಕಿಲುಬು. ಬೆಳ್ಳಿ ಕಪ್ಪಾಗುತ್ತದೆ ಅಷ್ಟೆ, ಅದಕ್ಕೆ ಇವೆರಡೂ ಬೇಡ. ಇಷ್ಟೇ ನಿಯಮ.

ಈ ಭೇದ ನಾನು ಕಟ್ಟಿದ್ದಲ್ಲ, ಆಡುಮಾತಿನಲ್ಲೇ ಇದೆ. "ಕೈಯಲ್ಲಿ ಒಂದು ಕಿಲುಬು ಕಾಸೂ ಇಲ್ಲ" ಅನ್ನುತ್ತೇವೆ ಅಲ್ವಾ? ತುಕ್ಕು ಕಾಸು ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಕಾಸು ತಾಮ್ರದ್ದು, ಹಾಗಾಗಿ ಕಿಲುಬು. ಅದೇ ಬುದ್ಧಿಗೆ ಹಿಡಿಯುವುದು ಮಾತ್ರ ತುಕ್ಕು. ಯಾಕೆಂದರೆ ಬುದ್ಧಿಯ ವಿಷಯಕ್ಕೆ ನಾವು ಬಳಸುವ ಮಾತೆಲ್ಲ ಕತ್ತಿಯದ್ದು: ಹರಿತ, ಚೂಪು, ಮೊಂಡು.

ನೆರೆಯವರನ್ನು ಕೇಳಿದರೂ ಎರಡು ಬೇರೆ ಬೇರೆ ಪದಗಳೇ ಸಿಗುತ್ತವೆ. ನಮ್ಮ ತುಕ್ಕು ತೆಲುಗಿನಲ್ಲಿ ತುಪ್ಪು, ತಮಿಳಿನಲ್ಲಿ ತುರು, ಮಲಯಾಳದಲ್ಲಿ ತುರುಂಬು. ಕಿಲುಬಿನ ನೆಂಟರು ಇನ್ನೊಂದು ಮನೆಯವರು: ತಮಿಳಿನ ಕಳಿಂಬು, ತೆಲುಗಿನ ಚಿಲುಮು. ಕಿಲುಬಿಗೂ ಚಿಲುಮಿಗೂ ಎತ್ತಣ ಸಂಬಂಧ ಅನ್ನಬೇಡಿ. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ಕೈ ಚೇಯಿ, ಕೆರೆ ಚೆರುವು. ನಮ್ಮ 'ಕ' ಅಲ್ಲಿ 'ಚ' ಆಗುವುದು ಮಾಮೂಲು. ಉತ್ತರ ಕರ್ನಾಟಕದ ಕಡೆ ಜಂಗು ಅನ್ನುತ್ತಾರೆ. ಅದು ಪಾರಸಿಯಿಂದ ಉರ್ದು, ಹಿಂದಿ ಹಾದು ಬಂದ ಪದ, ಕೆಲಸ ತುಕ್ಕಿನದೇ. ಕಿಟ್ಟ ಅನ್ನುವುದು ಇವೆರಡೂ ಅಲ್ಲ. ಅದು ಕುಲುಮೆಯಲ್ಲಿ ಕಬ್ಬಿಣದಿಂದ ಬೇರ್ಪಡುವ ಕಸ. ಅದನ್ನೂ ತಂದು ಇದರಲ್ಲಿ ಸೇರಿಸುವವರಿದ್ದಾರೆ.

ಹಳೆಯ ನಿಘಂಟುಗಳಲ್ಲಿ ಕಿಲುಬು ಅಂದರೆ ತುಕ್ಕು ಅಂತಲೂ ಇದೆಯಲ್ಲ ಅಂತ ವಾದಿಸುವವರಿಗೆ ಒಂದೇ ಮಾತು. ಇರಲಿ. ನಿಘಂಟು ಎಲ್ಲರ ಬಾಯಿಮಾತನ್ನೂ ಬರೆದುಕೊಳ್ಳುತ್ತದೆ, ಅದು ಅದರ ಕೆಲಸ. ಎದುರಿಗೆ ಒಂದು ಚೊಂಬು, ಒಂದು ಕುಡುಗೋಲು ಇಟ್ಟುಕೊಂಡು ಶುಚಿ ಮಾಡಲು ಕೂತವರಿಗೆ ಎರಡು ಪದ ಬೇಕು.

ಯಾಕೆ ಬೇಕು ಅಂದರೆ, ಎರಡರ ಸ್ವಭಾವವೇ ಬೇರೆ. ಕಿಲುಬು ಲೋಹದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಕೂತಮೇಲೆ ಒಳಗಿನ ತಾಮ್ರವನ್ನು ಬಹುಮಟ್ಟಿಗೆ ಕಾಯುತ್ತದೆ. ತುಕ್ಕು ಹಾಗೆ ಕೂರುವ ಜಾತಿಯಲ್ಲ. ಅದು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಹಾಗಾಗಿ ಉಬ್ಬುತ್ತದೆ, ಚಕ್ಕೆ ಏಳುತ್ತದೆ, ಉದುರುತ್ತದೆ. ಉದುರಿದ ಕಡೆ ಹೊಸ ಕಬ್ಬಿಣ ಗಾಳಿಗೂ ನೀರಿಗೂ ಸಿಗುತ್ತದೆ. ಮತ್ತೆ ತುಕ್ಕು. ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯಲ್ಲಿ ಎರಡೂ ಒಟ್ಟಿಗಿದ್ದವು. 1886ರಿಂದ ನಿಂತಿರುವ ಆ ತಾಮ್ರದ ಮೈ ಹಸಿರಾಗಿರುವುದು ಕಿಲುಬಿನಿಂದ, ಮೈಗೆ ಅದರಿಂದ ಏನೂ ಆಗಿಲ್ಲ. ಒಳಗೆ ಆ ಮೈಯನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಗಳನ್ನು ತುಕ್ಕು ತಿಂದುಹಾಕಿತ್ತು. 1980ರ ದಶಕದ ರಿಪೇರಿಯಲ್ಲಿ ಅವನ್ನು ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಹಾಕಬೇಕಾಯಿತು. ಕಿಲುಬು ಸಾಧು ಅಂತ ಮಾತ್ರ ತಿಳಿಯಬೇಡಿ. ಹುಳಿ ಬಿದ್ದ ಹಿತ್ತಾಳೆ ಪಾತ್ರೆಯಲ್ಲಿ ಅದು ವಿಷ, ಕಲಾಯಿ ಮಾಡಿಸುತ್ತಿದ್ದದ್ದು ಅದಕ್ಕೇ.

ತುಕ್ಕಿನ ಬಣ್ಣಕ್ಕೆ ಚಿಕ್ಕಮಗಳೂರಿನವರು ದೂರ ಹೋಗಬೇಕಿಲ್ಲ. ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಅದು ಇದೆ. ಅಲ್ಲಿಯ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಕಬ್ಬಿಣ ಮಾಡುವುದು ಅಂದರೆ ಅದಿರಿಗೆ ಅಂಟಿದ ಆಮ್ಲಜನಕವನ್ನು ಬೆಂಕಿ, ಇದ್ದಿಲು ಹಾಕಿ ಬಿಡಿಸುವುದು. ತುಕ್ಕು ಅಂದರೆ ಆ ಆಮ್ಲಜನಕ ನೀರಿನ ಜೊತೆ ಸೇರಿ ವಾಪಸ್ ಬಂದು ಕೂರುವುದು. ಗಾಳಿ ಒಂದೇ ಸಾಲದು, ನೀರು ಒಂದೇ ಸಾಲದು, ಎರಡೂ ಬೇಕು. ಅರಸೀಕೆರೆ, ಕಡೂರಿನ ಬಯಲಲ್ಲಿ ಗುದ್ದಲಿ ಜಗುಲಿಯಲ್ಲೇ ಬಿದ್ದಿದ್ದರೂ ಅಷ್ಟೇನೂ ಕೆಡುವುದಿಲ್ಲ. ಮೂಡಿಗೆರೆ, ಸಕಲೇಶಪುರದಲ್ಲಿ ಆಷಾಢದ ಒಂದು ವಾರ ಸಾಕು.

ಆದರೆ ಕಬ್ಬಿಣದ ಮೇಲೆ ಕಂಡ ಬಣ್ಣವೆಲ್ಲ ತುಕ್ಕಲ್ಲ. ಜಾಸ್ತಿ ಸಿಟ್ಟು ಬರುವುದು ನನಗೆ ಇಲ್ಲೇ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೆಗೆಯುತ್ತಿದ್ದ ಅದಿರು ಮ್ಯಾಗ್ನೆಟೈಟ್, ಬಣ್ಣ ಕಪ್ಪು. ಅದೂ ಕಬ್ಬಿಣ ಮತ್ತು ಆಮ್ಲಜನಕವೇ, ಲೆಕ್ಕ ಬೇರೆ. ಕುಲುಮೆಯಿಂದ ಬಂದ ಹೊಸ ಕತ್ತಿಯ ಬೆನ್ನಿಗೆ ಇರುವ ಕಪ್ಪು ಪದರದಲ್ಲೂ ಇದೇ ಇದೆ. ಅದು ಅಂಟಿಕೊಂಡು ಕೂರುತ್ತದೆ, ಎಣ್ಣೆ ಹೀರುತ್ತದೆ, ತುಕ್ಕನ್ನು ತಡೆಯುತ್ತದೆ. ಇನ್ನೊಂದು ಕಪ್ಪು ಕೊಪ್ಪ, ಶೃಂಗೇರಿ ಕಡೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯದ್ದು. ಅಡಿಕೆಯ ಚೊಗರು ಕಬ್ಬಿಣಕ್ಕೆ ತಾಗಿ ಕಪ್ಪಾಗುತ್ತದೆ. ಬಾಳೆಕಾಯಿ ಹೆಚ್ಚಿದ ಈಳಿಗೆಯದ್ದೂ ಅದೇ ಕಥೆ. ಇವನ್ನೆಲ್ಲ ತುಕ್ಕು ಅಂತ ಕರೆದು, ತಂತಿ ಬ್ರಷ್ ಹಾಕಿದ ಗ್ರೈಂಡರಿನಲ್ಲಿ ಬೆಳ್ಳಗೆ ಮಾಡಿ, "ಹೊಸದರಂತೆ ಆಯಿತು" ಅಂತ ಫೋಟೋ ಹಾಕುತ್ತಾರೆ. ಕಾಯುತ್ತಿದ್ದ ಪದರ ಹೋಯಿತು, ಒಂದು ಮಳೆ ಬಂದರೆ ನಿಜವಾದ ತುಕ್ಕು ಶುರು. ಉಗುರಿನಲ್ಲಿ ಕೆರೆದು ನೋಡಿ. ಕೆಂಪು ಪುಡಿ ಬಂದರೆ ತುಕ್ಕು. ಕಪ್ಪಾಗಿ ನುಣ್ಣಗಿದ್ದು ಏನೂ ಬಾರದಿದ್ದರೆ ಬಿಟ್ಟುಬಿಡಿ.

ಈಗ ಮದ್ದು. ತಾಮ್ರಕ್ಕೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದರೆ ಕಿಲುಬು ಹೋಗುತ್ತದೆ, ತೊಳೆದು ಒರೆಸಿದರೆ ಮುಗಿಯಿತು. ಹೆಸರು ಕಲಸಿಹೋದದ್ದರಿಂದ ಇದೇ ಮದ್ದನ್ನು ಕತ್ತಿಗೂ ಹಚ್ಚುತ್ತಾರೆ. ಹುಳಿ ಸರಿಯೇ, ಅದು ತುಕ್ಕನ್ನೂ ಕರಗಿಸುತ್ತದೆ. ಉಪ್ಪು ಮಾತ್ರ ಬೇಡ. ಕಬ್ಬಿಣದ ಸಣ್ಣ ಗುಳಿಗಳಲ್ಲಿ ಉಳಿದ ಉಪ್ಪು ಗಾಳಿಯಿಂದ ತೇವ ಎಳೆದುಕೊಂಡು ತುಕ್ಕನ್ನು ಇನ್ನೂ ಬೇಗ ಕರೆಯುತ್ತದೆ.

ಮನೆಯಲ್ಲಿ ಮಾಡಲು ವಿನೆಗರ್ ಸಾಕು. ಮರದ ಹಿಡಿ ಬಿಚ್ಚಲು ಬಂದರೆ ಬಿಚ್ಚಿ, ಮರವನ್ನು ನೆನೆಹಾಕಬೇಡಿ. ಮೊದಲು ಸೋಪಿನಲ್ಲಿ ಜಿಡ್ಡು ತೊಳೆಯಿರಿ, ಜಿಡ್ಡಿನ ಮೇಲೆ ಹುಳಿ ಕೆಲಸ ಮಾಡುವುದಿಲ್ಲ. ಒಂದು ರಾತ್ರಿ ವಿನೆಗರಿನಲ್ಲಿ ಮುಳುಗಿಸಿಡಿ, ಬೆಳಗ್ಗೆ ತಂತಿ ಬ್ರಷ್‌ನಲ್ಲಿ ಉಜ್ಜಿ. ವಾರಗಟ್ಟಲೆ ಬಿಟ್ಟರೆ ಹುಳಿ ತುಕ್ಕು ಮುಗಿಸಿ ಕಬ್ಬಿಣಕ್ಕೂ ಬಾಯಿ ಹಾಕುತ್ತದೆ. ತೆಗೆದ ಮೇಲೆ ಅಡುಗೆ ಸೋಡಾ ಕಲಸಿದ ನೀರಲ್ಲಿ ಅದ್ದಿ, ತೊಳೆದು, ಒಲೆಯ ಹತ್ತಿರ ಪೂರ್ತಿ ಒಣಗಿಸಿ, ಬಿಸಿ ಇರುವಾಗಲೇ ಎಣ್ಣೆ ಸವರಿ. ಈ ಕೊನೆಯ ಹಂತವನ್ನು ವಿಡಿಯೋಗಳಲ್ಲಿ ಯಾರೂ ತೋರಿಸುವುದಿಲ್ಲ. ಎಣ್ಣೆ ತಡವಾದರೆ ಕಣ್ಣೆದುರಿಗೇ ತೆಳ್ಳಗೆ ಕೆಂಪೇರುತ್ತದೆ. ಅಡುಗೆಮನೆಯ ಕತ್ತಿಗೆ ಕೊಬ್ಬರಿ ಎಣ್ಣೆ, ತೋಟದ್ದಕ್ಕೆ ಯಾವುದಾದರೂ ಆದೀತು.

ಬಚ್ಚಲು ತೊಳೆಯುವ ಆಸಿಡ್ ಬಳಸುವವರಿಗೆ ಹೇಳಬೇಕಾದದ್ದು ಬಹಳ ಇದೆ, ಒಂದೇ ಹೇಳುತ್ತೇನೆ. ಅದರ ಹೊಗೆಗೆ ಅದೇ ಕೊಟ್ಟಿಗೆಯಲ್ಲಿ ನೇತುಹಾಕಿದ ಗರಗಸ, ಅರಗಳೂ ತುಕ್ಕು ಹಿಡಿಯುತ್ತವೆ. ಎದೆಗೂ ಒಳ್ಳೆಯದಲ್ಲ.

ಇನ್ನು "ತೆಗೆಯುವುದು" ಅನ್ನುವ ಮಾತು. ತುಕ್ಕು ತೆಗೆಯಬಹುದು, ತುಕ್ಕು ತಿಂದದ್ದನ್ನು ತರಲಾಗದು. ಉಳಿಯ ಬಾಯಿಯ ಹತ್ತಿರ ಗುಳಿ ಬಿದ್ದಿದ್ದರೆ ಗುಳಿ ಮುಗಿಯುವವರೆಗೆ ಮಸೆಯಬೇಕು, ಬೇರೆ ದಾರಿ ಇಲ್ಲ. ತುಕ್ಕು ಮೊಳೆ ಚುಚ್ಚಿದರೆ ಧನುರ್ವಾಯು ಅನ್ನುವುದೂ ಅರ್ಧ ಮಾತು. ರೋಗ ತರುವುದು ಮಣ್ಣು, ಗೊಬ್ಬರದಲ್ಲಿರುವ ಬ್ಯಾಕ್ಟೀರಿಯಾ. ಹೊಳೆಯುವ ಹೊಸ ಮೊಳೆ ಕೊಟ್ಟಿಗೆಯಲ್ಲಿ ಚುಚ್ಚಿದರೂ ಸೂಜಿ ಹಾಕಿಸಿಕೊಳ್ಳಬೇಕು.

ಕಾಫಿಯವರಿಗೆ ತುಕ್ಕು ಅಂದರೆ ಮೊದಲು ನೆನಪಾಗುವುದು ಗಿಡ, ಕತ್ತಿಯಲ್ಲ. ಎಲೆ ತುಕ್ಕು ರೋಗಕ್ಕೂ ಕಬ್ಬಿಣಕ್ಕೂ ಸಂಬಂಧವಿಲ್ಲ. ಅದು ಒಂದು ಶಿಲೀಂಧ್ರ, ಅರೇಬಿಕಾ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣುವುದರಿಂದ ಆ ಹೆಸರು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿಯ ಕಾಫಿಯನ್ನೇ ಮುಗಿಸಿದ ರೋಗ ಇದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇವತ್ತಿಗೂ ಇದರ ಜೊತೆ ಗುದ್ದಾಡುತ್ತಿದೆ. ಈ ಬಳಕೆಗೆ ನನ್ನ ತಕರಾರಿಲ್ಲ, ಬಣ್ಣ ನೋಡಿ ಇಟ್ಟ ಹೆಸರು.

ತಕರಾರು ಇರುವುದು ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಹತ್ತಿರ. ಮೈಲುತುತ್ತ, ಸುಣ್ಣ ಕಲಸಿದ ಮೇಲೆ ಹದ ನೋಡಲು ಉಜ್ಜಿದ ಚಾಕುವನ್ನೋ ಕುಡುಗೋಲಿನ ತುದಿಯನ್ನೋ ಸ್ವಲ್ಪ ಹೊತ್ತು ಅದ್ದುತ್ತಾರೆ. ತುದಿ ಕೆಂಪಾಗಿ ಬಂದರೆ "ಕತ್ತಿ ತುಕ್ಕು ಹಿಡೀತು" ಅನ್ನುತ್ತಾರೆ. ಅದು ತುಕ್ಕಲ್ಲ, ಕಿಲುಬೂ ಅಲ್ಲ, ಅಪ್ಪಟ ತಾಮ್ರ. ಮೈಲುತುತ್ತದಲ್ಲಿ ತಾಮ್ರ ಇದೆ. ಸುಣ್ಣ ಕಡಿಮೆಯಾದರೆ ಅದು ನೀರಲ್ಲಿ ಹಾಗೇ ಕರಗಿ ಉಳಿಯುತ್ತದೆ, ಕಬ್ಬಿಣ ಸಿಕ್ಕ ಕೂಡಲೇ ಅದರ ಮೇಲೆ ಬಂದು ಕೂರುತ್ತದೆ. ಅದೇ ದ್ರಾವಣ ಹೊಡೆದರೆ ಎಲೆ ಸುಡುತ್ತದೆ. ಹಾಗಾಗಿ ತುದಿ ಕೆಂಪಾದರೆ ಕತ್ತಿ ಉಜ್ಜುತ್ತ ಕೂರಬೇಡಿ. ಡ್ರಮ್ಮಿಗೆ ಇನ್ನಷ್ಟು ಸುಣ್ಣದ ನೀರು ಹಾಕಿ, ಕಲಕಿ, ಮತ್ತೆ ಅದ್ದಿ ನೋಡಿ.